ಗ್ರೀಕ್ ಶಿಲ್ಪಗಳು ಬೆಳ್ಳಗಾದದ್ದು ಹೇಗೆ?

ಗ್ರೀಕ್ ಶಿಲ್ಪ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹಾಲುಬಿಳುಪಿನ ಅಮೃತಶಿಲೆ. ಅದನ್ನು ಕೆತ್ತಿದವರು ಬಣ್ಣ ಹಚ್ಚದೆ ಕೆಲಸ ಮುಗಿಯಿತು ಅನ್ನುತ್ತಿರಲಿಲ್ಲ. ಇವತ್ತು ಯಾವುದಾದರೂ ಮ್ಯೂಸಿಯಂ ಬಣ್ಣದ ಪ್ರತಿಕೃತಿ ತಂದಿಟ್ಟರೆ ಸಾಕು, ವಾದ ಶುರುವಾಗುತ್ತದೆ. ಈ ವಾದ ಎಲ್ಲಿಂದ ಬಂತು?

ಮೊದಲು ಗುಡಿಯಿಂದ ಹೊರಡೋಣ. ಗ್ರೀಕರ ಹಳೆಯ ಗುಡಿಗಳು ಮರದವು. ಕ್ರಿ.ಪೂ. 7ನೇ ಶತಮಾನದ ಕೊನೆಯ ಹೊತ್ತಿಗೆ ಕಲ್ಲು ಬಂತು, ಆದರೆ ಬಡಗಿಯ ಕೈ ಬಿಟ್ಟುಹೋಗಲಿಲ್ಲ. ಡೋರಿಕ್ ಎಂಬ ಹಳೆಯ ಗ್ರೀಕ್ ಶೈಲಿಯ ಗುಡಿಯ ಕಂಬಗಳ ಮೇಲೆ ಮೂರು ಪಟ್ಟೆಯ ಕಲ್ಲುಗಳ ಸಾಲು ಇರುತ್ತದೆ. ನೋಡಿದರೆ ತೊಲೆಯ ತುದಿಗಳಂತೆಯೇ ಕಾಣುತ್ತವೆ. ಕೆಳಗೆ ಪುಟ್ಟ ಮರದ ಗೂಟಗಳನ್ನೂ ಕಲ್ಲಲ್ಲೇ ಕಡೆದಿದ್ದಾರೆ! ಒಲಿಂಪಿಯಾದ ಹೀರಾ ಗುಡಿಯಲ್ಲಿ ಒಂದು ಓಕ್ ಮರದ ಕಂಬ ಉಳಿದಿದ್ದನ್ನು ಕ್ರಿ.ಶ. 2ನೇ ಶತಮಾನದಲ್ಲಿ ಪಾಸೇನಿಯಸ್ ಎಂಬ ಪ್ರವಾಸಿ ನೋಡಿದ್ದ. ಆ ಮೂರು ಪಟ್ಟೆಗಳಿಗೆ ಸಾಮಾನ್ಯವಾಗಿ ಗಾಢ ನೀಲಿ ಬಳಿಯುತ್ತಿದ್ದರು. ಅಕ್ಕಪಕ್ಕದಲ್ಲಿ ಕೆಂಪು.

ಶಿಲ್ಪದ್ದೂ ಹೆಚ್ಚುಕಡಿಮೆ ಇದೇ ಕಾಲ. ಈಜಿಪ್ಟಿನ ಮಾದರಿ ನೋಡಿ ಕಲಿತ ಯುವಕರ ಮೂರ್ತಿಗಳು ಎಡಗಾಲು ಮುಂದಿಟ್ಟು, ಮುಷ್ಟಿ ಬಿಗಿದು ಸೆಟೆದು ನಿಂತವು. ಕ್ರಿ.ಪೂ. 480ರ ಹೊತ್ತಿಗೆ ಭಾರವೆಲ್ಲ ಒಂದು ಕಾಲಿಗೆ ಬಂತು, ಸೊಂಟ ಸ್ವಲ್ಪ ವಾಲಿತು, ಮೈಯಲ್ಲಿ ಜೀವ ಆಡಿತು.

ಅದೇ 480ರಲ್ಲಿ ಪರ್ಷಿಯನ್ನರು ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಗುಡಿಗಳಿಗೆ ಬೆಂಕಿ ಇಟ್ಟರು. ಗುಡಿಗೆ ಹರಕೆಯಾಗಿ ಕೊಟ್ಟಿದ್ದ ಕನ್ಯೆಯರ ಮೂರ್ತಿಗಳು ಮುರಿದು ಬಿದ್ದವು. ಅಥೆನ್ಸ್‌ನ ಜನ ಅವನ್ನು ಆ ಗುಡ್ಡದ ಮೇಲೆಯೇ ಹೂಳಿದರು. ದೊಡ್ಡ ದುರಂತವೇ ಸರಿ. ಆದರೆ ಬಣ್ಣ ಉಳಿದದ್ದು ಹಾಗೆ ಹೂಳಿದ್ದರಿಂದ. 1880ರ ದಶಕದಲ್ಲಿ ಅಗೆದಾಗ ಕೆಂಪು ಕೂದಲು, ಬಣ್ಣದ ಕಣ್ಣು, ಅಂಚಿನ ಚಿತ್ತಾರ ಎಲ್ಲ ಕಂಡವು. ಅವುಗಳಲ್ಲಿ ‘ಪೆಪ್ಲೊಸ್ ಕೋರೆ’ ಎಂಬ ಮೂರ್ತಿ ನನಗೆ ಬಹಳ ಇಷ್ಟ. ಸುಮಾರು ಕ್ರಿ.ಪೂ. 530ರದ್ದು, ಎತ್ತರ 1.2 ಮೀಟರ್ ಅಷ್ಟೇ. ಹೆಸರು ಬಂದದ್ದು ಅವಳು ಪೆಪ್ಲೊಸ್ ಎಂಬ ಸಾದಾ ಉಣ್ಣೆಯ ನಿಲುವಂಗಿ ತೊಟ್ಟಿದ್ದಾಳೆ ಅಂದುಕೊಂಡಿದ್ದರಿಂದ. ಆಮೇಲೆ ಜರ್ಮನಿಯ ವಿನ್ಸೆನ್ಸ್ ಬ್ರಿಂಕ್‌ಮನ್ ಓರೆ ಬೆಳಕು ಹಾಯಿಸಿ ಪರೀಕ್ಷಿಸಿದಾಗ ಉಡುಪಿನ ಮೇಲೆ ಪ್ರಾಣಿಗಳ ಸಾಲು ಕಂಡಿತು. ಅಂಥ ಉಡುಪು ದೇವತೆಗೆ ಒಪ್ಪುವಂಥದ್ದು. ಹೀಗೆ ಮಾಸಿದ ಬಣ್ಣದ ಗುರುತಿನಿಂದ ಹುಡುಗಿಯೊಬ್ಬಳು ದೇವತೆ ಇರಬಹುದು ಅನ್ನುವ ಮಾತು ಬಂತು. ಬಣ್ಣವನ್ನು ಸುಮ್ನೆ ಅಲಂಕಾರ ಅನ್ನೋದು ಹೇಗೆ?

ಅದೇ ಗುಡ್ಡದ ಮೇಲೆ ಪಾರ್ಥೆನಾನ್ ಗುಡಿ (ಕ್ರಿ.ಪೂ. 447–432) ಬಂದಾಗಲೂ ಬಣ್ಣ ಮುಂದುವರಿಯಿತು. ನಿಮ್ಮ ಮೂರ್ತಿಗಳಲ್ಲಿ ಯಾವುದು ಇಷ್ಟ ಎಂದು ಕೇಳಿದರೆ, ಚಿತ್ರಕಾರ ನಿಕಿಯಾಸ್ ಬಣ್ಣದ ಕೈ ಆಡಿಸಿದವು ಎಂದು ಶಿಲ್ಪಿ ಪ್ರಾಕ್ಸಿಟಲೀಸ್ ಹೇಳಿದನಂತೆ. ರೋಮಿನ ಪ್ಲಿನಿ ಇದನ್ನು ಬರೆದಿಟ್ಟಿದ್ದಾನೆ.

ಮುಂದೆ ಸಾವಿರ ವರ್ಷಕ್ಕೂ ಜಾಸ್ತಿ ಮಳೆ, ಬಿಸಿಲು, ಮಣ್ಣು. ಯುರೋಪು ಮತ್ತೆ ಕಣ್ಣು ತೆರೆದಾಗ ಸಿಕ್ಕಿದ್ದು ರೋಮಿನ ನೆಲದಿಂದ ಎದ್ದ, ಬಣ್ಣ ಕಳೆದುಕೊಂಡ ಮೂರ್ತಿಗಳು. 1506ರಲ್ಲಿ ಲಾವೊಕೋವನ್ ಎಂಬ ಹೆಸರಾಂತ ಶಿಲ್ಪ ಸಿಕ್ಕಿತು. ಅದೂ ಬಿಳಿ. ಅದನ್ನೆಲ್ಲ ನೋಡಿ ಕಲಿತವರು ತಾವೂ ಬಿಳಿ ಮೂರ್ತಿಗಳನ್ನೇ ಕೆತ್ತಿದರು. 1764ರಲ್ಲಿ ಜರ್ಮನಿಯ ವಿದ್ವಾಂಸ ವಿಂಕಲ್‌ಮನ್ ಪ್ರಾಚೀನ ಕಲೆಯ ಇತಿಹಾಸ ಬರೆದಾಗ ಬಿಳಿ ಮೈಯೇ ಹೆಚ್ಚು ಚೆಲುವು ಎಂಬ ನಂಬಿಕೆಗೆ ಬಲ ಬಂತು. ಅವನು ಗ್ರೀಸ್‌ಗೆ ಹೋದವನೇ ಅಲ್ಲ. ಆದರೂ ಕಣ್ಣ ಮುಂದೆ ಇದ್ದದ್ದನ್ನೇ ನಂಬಿದ, ಅಲ್ವಾ? 1830ರ ಹೊತ್ತಿಗೆ ಹಿಟ್ಟೋರ್ಫ್ ಎಂಬ ವಾಸ್ತುಶಿಲ್ಪಿ ಸಿಸಿಲಿಯ ಗ್ರೀಕ್ ಗುಡಿಗಳ ಬಣ್ಣದ ಚಿತ್ರ ತೋರಿಸಿದಾಗ ಪ್ಯಾರಿಸ್‌ನಲ್ಲಿ ದೊಡ್ಡ ವಾದವೇ ನಡೆಯಿತು. ಆ ವಾದ ನಡೆದು ನೂರು ವರ್ಷವಾದ ಮೇಲೂ, 1937–38ರಲ್ಲಿ, ಲಂಡನ್‌ನಲ್ಲಿದ್ದ ಪಾರ್ಥೆನಾನ್ ಶಿಲ್ಪಗಳಲ್ಲಿ ಕೆಲವನ್ನು ಇನ್ನಷ್ಟು ಬೆಳ್ಳಗೆ ಮಾಡಲು ತಾಮ್ರದ ಉಪಕರಣಗಳಿಂದ ಕೆರೆಯಲಾಯಿತು. ಹಾಗೆ ಹೋದ ಮೇಲ್ಪದರ ಮತ್ತೆ ಬರುವುದಿಲ್ಲ.

2003ರಲ್ಲಿ ಮ್ಯೂನಿಕ್‌ನಲ್ಲಿ ಬ್ರಿಂಕ್‌ಮನ್ ತಂಡದ ಬಣ್ಣದ ಪ್ರತಿಕೃತಿಗಳ ಪ್ರದರ್ಶನ ನಡೆಯಿತು. ಕಣ್ಣಿಗೆ ಹೊಡೆಯುತ್ತದೆ ಎಂದು ಹಲವರು ಬೇಸರಪಟ್ಟರು. ಅವರ ಮಾತಿನಲ್ಲೂ ಹುರುಳಿದೆ. ಬಣ್ಣ ಇತ್ತು ಎಂಬುದು ಖಚಿತ, ಆದರೆ ಅದನ್ನು ಎಷ್ಟು ತೆಳ್ಳಗೆ ಹಚ್ಚಿದ್ದರು, ನೆರಳು ಹೇಗೆ ಕೊಟ್ಟಿದ್ದರು ಎಂಬುದು ಉಳಿದ ಚೂರುಗಳಿಂದ ಪೂರ್ತಿ ತಿಳಿಯುವುದಿಲ್ಲ. ಹಾಗಂತ ಬಿಳಿಗೆ ಮರಳಿದರೆ ಅದು ಇನ್ನೂ ದೊಡ್ಡ ತಪ್ಪು.

ಹುಡುಕಾಟ ನಿಂತಿಲ್ಲ. ಈಜಿಪ್ಷಿಯನ್ ನೀಲಿ ಎಂಬ ಬಣ್ಣಕ್ಕೆ ಮಾಮೂಲಿ ಬೆಳಕು ತಗುಲಿದರೆ ಅದು ಇನ್‌ಫ್ರಾರೆಡ್ ಬೆಳಕು ಸೂಸುತ್ತದೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. 2009ರಲ್ಲಿ ಹೀಗೆ ಹುಡುಕುವಾಗ ಪಾರ್ಥೆನಾನ್‌ನ ಐರಿಸ್ ದೇವತೆಯ ಸೊಂಟಪಟ್ಟಿ ಫೋಟೊದಲ್ಲಿ ಬೆಳ್ಳಗೆ ಹೊಳೆಯಿತು. ಅಲ್ಲಿ ಇನ್ನೂ ನೀಲಿ ಉಳಿದಿತ್ತು.