ಕರಾಟೆ ಶಾಲೆಯ ಬಾಡಿಗೆ ಕಟ್ಟೋರು ಯಾರು?

‘ಕಿಕ್ಕಿನ್ ಇಟ್’ ಅನ್ನುವ ಅಮೆರಿಕದ ಹಾಸ್ಯ ಧಾರಾವಾಹಿ ಡಿಸ್ನಿ ಎಕ್ಸ್‌ಡಿ ಚಾನೆಲ್ಲಿನಲ್ಲಿ 2011ರ ಜೂನ್‌ನಲ್ಲಿ ಶುರುವಾಯಿತು. ಐದು ಜನ ಗೆಳೆಯರು, ಒಬ್ಬ ಗುರು, ಒಂದು ಕರಾಟೆ ಶಾಲೆ. ಕಥೆ ಇಷ್ಟೇ. ಒದೆಯುವುದು, ಜಿಗಿಯುವುದು, ದಡಾರನೆ ಬೀಳುವುದು ಎಲ್ಲ ಬೇಕಾದಷ್ಟಿದೆ. ಆದರೆ ಗುರು ರೂಡಿಯ ತಲೆನೋವೇ ಬೇರೆ. ಅವನ ಶಾಲೆ ಇರುವುದು ಒಂದು ಮಾಲ್‌ನಲ್ಲಿ, ಫಲಾಫೆಲ್ (ಕಡಲೆಯ ವಡೆ) ಮಾರುವ ಫಿಲ್‌ನ ಹೋಟೆಲಿನ ಹತ್ತಿರ. ಶಾಲೆಯ ಮೇಲೆ ಬಾಬಿ ವಸಾಬಿ ಎಂಬ ಸಿನಿಮಾ ನಟನ ಹೆಸರು. ಹುಡುಗರು ಗೆಲ್ಲದಿದ್ದರೆ ಬಾಗಿಲು ಹಾಕಬೇಕಾದೀತು ಅನ್ನುವ ಭಯ ಮೊದಲ ಕಂತಿನಿಂದಲೇ ಇದೆ.

ಅಂಗಡಿ ಸಾಲಿನಲ್ಲಿ ಕರಾಟೆ ಯಾಕೆ? ಇದು ಬರೀ ತಮಾಷೆಗೆ ಹುಟ್ಟಿದ ಕಲ್ಪನೆಯಲ್ಲ.

ಎರಡನೇ ಮಹಾಯುದ್ಧ ಮತ್ತು ಅದರ ನಂತರದ ವರ್ಷಗಳಲ್ಲಿ ಜಪಾನ್, ಒಕಿನಾವಾ, ಕೊರಿಯಾಗಳಲ್ಲಿದ್ದ ಅಮೆರಿಕನ್ ಸೈನಿಕರು ಈ ವಿದ್ಯೆ ಕಲಿತು ಊರಿಗೆ ಬಂದರು. ನೌಕಾಪಡೆಯಲ್ಲಿದ್ದ ರಾಬರ್ಟ್ ಟ್ರಯಾಸ್ 1946ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಶಾಲೆ ತೆರೆದರು. ಹತ್ತು ವರ್ಷದ ನಂತರ ಎಡ್ ಪಾರ್ಕರ್ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಕಲಿಸತೊಡಗಿದರು. ಇಲ್ಲಿ ಮಠವಿಲ್ಲ, ಬೆಟ್ಟವಿಲ್ಲ. ಬಾಡಿಗೆ ಜಾಗ, ತಿಂಗಳ ಫೀಸು, ಬಾಗಿಲಿಗೊಂದು ಬೋರ್ಡು.

ವಾಯುಪಡೆಗೆ ಸೇರಿ ಕೊರಿಯಾದಲ್ಲಿ ಟಾಂಗ್ ಸೂ ಡೂ ಎಂಬ ಅಲ್ಲಿನ ಸಮರಕಲೆ ಕಲಿತ ಚಕ್ ನಾರಿಸ್ ಕೂಡ ಮೊದಲು ಹೀಗೇ ಶಾಲೆಗಳನ್ನು ನಡೆಸಿದವರು. ಅವರ ಹತ್ತಿರ ಕಲಿಯಲು ಬಂದ ನಟ ಸ್ಟೀವ್ ಮೆಕ್ವೀನ್ ‘ನೀನೂ ನಟಿಸು’ ಅಂತ ಹುರಿದುಂಬಿಸಿದರು. ನಾರಿಸ್ ಶಾಲೆಯಿಂದ ಸಿನಿಮಾಕ್ಕೆ ಹೋದರು. ಧಾರಾವಾಹಿಯ ಬಾಬಿ ವಸಾಬಿ ಸಿನಿಮಾದಿಂದ ಶಾಲೆಗೆ ಬಂದ. ಅಷ್ಟೇ ವ್ಯತ್ಯಾಸ.

ಇನ್ನು ಬೆಲ್ಟು. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1880ರ ದಶಕದಲ್ಲಿ ಕಪ್ಪು ಬೆಲ್ಟು ತಂದರು. ಕರಾಟೆ ಗುರು ಫುನಾಕೋಶಿ 1924ರಲ್ಲಿ ಅದನ್ನು ಕರಾಟೆಗೆ ತೆಗೆದುಕೊಂಡರು. ಹಳದಿ, ಕಿತ್ತಳೆ, ಹಸಿರು ಎಲ್ಲ ಆಮೇಲೆ ಸೇರಿದವು. ಮಕ್ಕಳು ಬೇಗ ಬೇಜಾರಾಗುತ್ತಾರೆ, ನಡುನಡುವೆ ಒಂದು ಗೆಲುವು ಬೇಕು. ಬಣ್ಣಕ್ಕೊಂದು ಪರೀಕ್ಷೆ, ಪರೀಕ್ಷೆಗೊಂದು ಫೀಸು. ನಮ್ಮ ಅಪಾರ್ಟ್‌ಮೆಂಟುಗಳ ಶನಿವಾರದ ಕ್ಲಾಸಿಗೆ ಮಕ್ಕಳನ್ನು ಕಳಿಸುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು, ಅಲ್ವಾ?

ಮಕ್ಕಳ ದಂಡು ಬಂದದ್ದು 1984ರ ‘ದಿ ಕರಾಟೆ ಕಿಡ್’ ನಂತರ. ಕಾರಿಗೆ ಮೇಣ ಹಚ್ಚುತ್ತಲೇ ಏಟು ತಡೆಯುವುದನ್ನು ಕಲಿಯುವ ಹುಡುಗನನ್ನು ನೋಡಿ ಅಪ್ಪ-ಅಮ್ಮಂದಿರಿಗೂ ಧೈರ್ಯ ಬಂತು. ಕರಾಟೆ ಅಂದರೆ ಹೊಡೆದಾಟ ಮಾತ್ರ ಅಲ್ಲ, ಶಿಸ್ತು ಅನ್ನುವ ಮಾತು ಓಡಿತು. ಹಾಗೆ ಬೆಳೆದ ಮಕ್ಕಳಿಗೇ ಮಕ್ಕಳಾಗುವ ಹೊತ್ತಿಗೆ, 2009ರಲ್ಲಿ, ಗಂಡುಹುಡುಗರನ್ನು ಮುಖ್ಯವಾಗಿ ಗುರಿಯಿಟ್ಟು ಡಿಸ್ನಿ ಎಕ್ಸ್‌ಡಿ ಹುಟ್ಟಿತು.

‘ಕಿಕ್ಕಿನ್ ಇಟ್’ನ ಮುಖ್ಯ ಹುಡುಗ ಜ್ಯಾಕ್ ಪಾತ್ರದ ಲಿಯೋ ಹೋವರ್ಡ್ ನಿಜಕ್ಕೂ ಕರಾಟೆ ಕಲಿತವನು. ಹಾಗಾಗಿ ಅವನ ಒದೆತ ಕ್ಯಾಮೆರಾ ಆಟದಂತೆ ಕಾಣುವುದಿಲ್ಲ. ರೂಡಿಯಾದ ಜೇಸನ್ ಅರ್ಲ್ಸ್ ಕಥೆ ಇನ್ನೂ ಮಜ. ‘ಹ್ಯಾನಾ ಮೊಂಟಾನಾ’ದಲ್ಲಿ ಮೂವತ್ತರ ಆಸುಪಾಸಿನಲ್ಲೂ ಹೈಸ್ಕೂಲ್ ಹುಡುಗನಾಗಿದ್ದ ಆಸಾಮಿಗೆ ಇಲ್ಲಿ ಕೊನೆಗೂ ದೊಡ್ಡವನ ಪಾತ್ರ ಸಿಕ್ಕಿತು! ಅವನ ಬೈಗುಳ, ಅಳು, ಬಡಾಯಿ ಇಲ್ಲದಿದ್ದರೆ ಇದು ಸುಮ್ನೆ ಇನ್ನೊಂದು ಸ್ಕೂಲ್ ಕಥೆ ಆಗಿರುತ್ತಿತ್ತು. ಎದುರಾಳಿ ಬ್ಲ್ಯಾಕ್ ಡ್ರ್ಯಾಗನ್ಸ್ ಶಾಲೆ ಬಿಟ್ಟು ಇತ್ತ ಬರುವ ಕಿಮ್ ಒಳ್ಳೆಯ ಪಾತ್ರ. ಆದರೆ ಆ ಪಾತ್ರದ ಒಲಿವಿಯಾ ಹೋಲ್ಟ್ ಬೇರೆ ಧಾರಾವಾಹಿಗೆ ಹೋದ ಮೇಲೆ ನಾಲ್ಕನೇ ಸೀಸನ್ ಸ್ವಲ್ಪ ಸಪ್ಪೆಯೇ. 2015ರ ಮಾರ್ಚ್‌ನಲ್ಲಿ ಎಲ್ಲ ಮುಗಿಯಿತು.

ಮೂರು ವರ್ಷಕ್ಕೆ ‘ದಿ ಕರಾಟೆ ಕಿಡ್’ನ ಮುಂದುವರಿದ ಕಥೆಯಾದ ‘ಕೋಬ್ರಾ ಕೈ’ ಧಾರಾವಾಹಿ ಬಂತು. ಅಲ್ಲೂ ಅಂಗಡಿ ಸಾಲಿನಲ್ಲೇ ಶಾಲೆ ತೆರೆಯುವ ಜಾನಿಗೆ ಮೊದಲಿಗೆ ಸಿಗುವುದು ಪಕ್ಕದ ಮನೆಯ ಹುಡುಗನೊಬ್ಬನೇ. ಜಾನಿಯ ಹಳೇ ಎದುರಾಳಿ ಡೇನಿಯಲ್‌ನ ಕಾರ್ ಶೋರೂಮಿನಲ್ಲಿ ಕೆಲಸ ಮಾಡುವ ಅನೂಶ್‌ನನ್ನು ಎಲ್ಲೋ ನೋಡಿದ ಹಾಗಿದೆ ಅನಿಸಿದರೆ ಅದು ಸರಿ. ನಟ ಡ್ಯಾನ್ ಅಹ್ದೂತ್ ಅವನೇ, ‘ಕಿಕ್ಕಿನ್ ಇಟ್’ನ ಫಲಾಫೆಲ್ ಫಿಲ್.