ರಕ್ತ ನಾರ್ಮಲ್, ಎಕ್ಸ್‌ರೇಯಲ್ಲಿ ಮಚ್ಚೆ: ಮಲೆನಾಡಿನ ಮಕ್ಕಳ ನ್ಯುಮೋನಿಯಾ

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಎರಡು ರಿಪೋರ್ಟ್ ಮುಂದಿಟ್ಟು ಕೇಳುತ್ತಾರೆ: ‘ರಕ್ತದಲ್ಲಿ ಏನೂ ಇಲ್ಲ ಅಂದ್ರು, ಎಕ್ಸ್‌ರೇಲಿ ನ್ಯುಮೋನಿಯಾ ಅಂದ್ರು. ಯಾವುದನ್ನ ನಂಬೋದು ಡಾಕ್ಟ್ರೇ?’ ಎರಡನ್ನೂ ನಂಬಬಹುದು.

ಐದು ವರ್ಷ ದಾಟಿದ ಮಕ್ಕಳಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾ ಹೀಗೆಯೇ ಇರುತ್ತದೆ. ಬಿಡದ ಒಣಕೆಮ್ಮು, ಜ್ವರ, ತಲೆನೋವು. ಆದರೂ ಮಗು ಓಡಾಡಿಕೊಂಡಿರುತ್ತದೆ. ಬಿಳಿ ರಕ್ತಕಣಗಳು ಬಹುಪಾಲು ನಾರ್ಮಲ್, ದೇಹದ ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆಯ ಅಂಕಿ ಸ್ವಲ್ಪ ಏರಿರಬಹುದು. ಸ್ಟೆತಸ್ಕೋಪಿಗೆ ಹೆಚ್ಚೇನೂ ಕೇಳಿಸದ ಎದೆಯಲ್ಲೂ ಎಕ್ಸ್‌ರೇ ತೆಗೆದರೆ ಬಲೆಬಲೆಯಾದ ಗೆರೆಗಳು, ಕೆಳಭಾಗದಲ್ಲಿ ಚದುರಿದ ಮಚ್ಚೆಗಳು ಕಾಣುತ್ತವೆ. ಕೆಲವರಲ್ಲಿ ಶ್ವಾಸಕೋಶದ ಒಂದಿಡೀ ಹಾಲೆಯೇ (ಭಾಗವೇ) ಬೆಳ್ಳಗಾಗಿರುತ್ತದೆ. ವೈರಸ್‌ನಿಂದಲೂ ಇಂಥ ಚಿತ್ರ ಬರುತ್ತದೆ, ಹಾಗಾಗಿ ಫಿಲ್ಮ್ ನೋಡಿ ರೋಗಾಣುವಿನ ಹೆಸರು ಹೇಳಲು ಬರುವುದಿಲ್ಲ.

ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಎಂ ಪರೀಕ್ಷೆಗೆ ಅವಸರ ಬೇಡ. ಮೊದಲ ವಾರದಲ್ಲಿ ಅದು ನೆಗೆಟಿವ್ ಬರಬಹುದು. ಹಳೆಯ ಸೋಂಕಿನ ಗುರುತು ತಿಂಗಳುಗಟ್ಟಲೆ ಉಳಿದು ಪಾಸಿಟಿವ್ ಕೂಡ ಬರಬಹುದು. ನನಗೆ ಅದಕ್ಕಿಂತ ಉಪಯೋಗವಾಗುವುದು ಮಗುವಿನ ಕತೆ. ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಎರಡು ಮೂರು ದಿನ ಕೊಟ್ಟರೂ ಜ್ವರ ಇಳಿದಿಲ್ಲ ಎಂದರೆ ಮೈಕೋಪ್ಲಾಸ್ಮಾ ನೆನಪಾಗಬೇಕು. ಆ ಔಷಧ ಕೆಲಸ ಮಾಡುವುದು ರೋಗಾಣುವಿನ ಕೋಶಭಿತ್ತಿಯ, ಅಂದರೆ ಹೊರಗೋಡೆಯ ಮೇಲೆ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಅಜಿಥ್ರೋಮೈಸಿನ್‌ನಂಥ ಬೇರೆ ಬಗೆಯ ಔಷಧ ಬೇಕು, ಅದೂ ವೈದ್ಯರು ನೋಡಿ ಕೊಟ್ಟದ್ದು.

ನಮ್ಮ ಸೀಮೆಯಲ್ಲಿ ರಕ್ತದ ರಿಪೋರ್ಟಿನಲ್ಲಿ ನಾನು ಮೊದಲು ಹುಡುಕುವ ಅಂಕಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳದ್ದು. ಅದು ಕುಸಿದಿದ್ದರೆ ಬರೀ ನ್ಯುಮೋನಿಯಾ ಎಂದು ಸುಮ್ಮನಾಗಲಾರೆ. ಪೊದೆ, ಹುಲ್ಲಿನಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲೂ ಕೆಮ್ಮು ಇರುತ್ತದೆ, ಎಕ್ಸ್‌ರೇಯಲ್ಲಿ ನೆರಳೂ ಬೀಳುತ್ತದೆ. ಬಟ್ಟೆ ಬಿಚ್ಚಿಸಿ ಕಂಕುಳು, ತೊಡೆಸಂದಿ, ಕಿವಿಯ ಹಿಂದೆಲ್ಲ ನೋಡಲೇಬೇಕು. ನುಸಿ ಕಚ್ಚಿದಲ್ಲಿ ಬೀಡಿಯಲ್ಲಿ ಸುಟ್ಟಂಥ ಕಪ್ಪು ಹೆಕ್ಕಳ ಸಿಕ್ಕರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಬೇಸಿಗೆಯ ಹೊತ್ತಿಗೆ ಬಿಳಿ ಕಣಗಳೂ ಇಳಿದಿದ್ದರೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯೇ ಎಂದು ಕೇಳಿಕೊಳ್ಳಬೇಕು. 1957ರಲ್ಲಿ ಅದು ಮೊದಲು ಗುರುತಾದದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಹತ್ತಿರದಲ್ಲಿ ಮಂಗ ಸತ್ತಿತ್ತೇ, ದರಗು (ಒಣಗಿದ ಎಲೆ) ತರಲು ಮಗು ಕಾಡಿಗೆ ಹೋಗಿತ್ತೇ ಎಂಬುದನ್ನು ಮನೆಯವರೇ ಹೇಳಬೇಕು.

ಕೆಮ್ಮು ಎರಡು ವಾರ ಮೀರಿ ತೂಕವೂ ಇಳಿಯುತ್ತಿದ್ದರೆ ಕ್ಷಯದ ಪರೀಕ್ಷೆ ಬೇಕು.

ಮಗು ಚೇತರಿಸಿಕೊಂಡ ಮೇಲೆ ‘ಮಚ್ಚೆ ಹೋಯ್ತಾ’ ಎಂದು ನೋಡಲು ಮತ್ತೆ ಎಕ್ಸ್‌ರೇ ಸಾಮಾನ್ಯವಾಗಿ ಬೇಕಿಲ್ಲ. ನೆರಳು ಕರಗಲು ವಾರಗಳೇ ಹಿಡಿಯುತ್ತವೆ. ಆದರೆ ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಎಳೆದರೆ, ತುಟಿ ನೀಲಿಯಾದರೆ, ಮಗು ನೀರನ್ನೂ ಬೇಡವೆಂದು ಮಂಕಾಗಿ ಮಲಗಿದರೆ, ರಿಪೋರ್ಟ್ ಎಷ್ಟೇ ನಾರ್ಮಲ್ ಇರಲಿ, ರಾತ್ರಿಯಾದರೂ ಸರಿ, ಆಗಲೇ ಹೊರಟುಬನ್ನಿ.