ದೂಡುವ ಪಂಪು, ಎಳೆಯುವ ಪಂಪು

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಗೋಳು ನಮಗೆಲ್ಲ ಗೊತ್ತು. ಮೇಲಿನವರ ಗದ್ದೆ ತುಂಬಿ ಹರಿಯುತ್ತದೆ, ಕೊನೆಯ ಊರಿನವರು ನೀರಿಗಾಗಿ ಕಾದು ಕೂರುತ್ತಾರೆ. ದೊಡ್ಡ ಕಟ್ಟಡಗಳ ಪೈಪಿನೊಳಗೂ ಇದೇ ಕಥೆ. ಅಲ್ಲಿ ಹರಿಯುವುದು ಚಳಿದೇಶಗಳಲ್ಲಿ ಕೋಣೆ ಬೆಚ್ಚಗಿಡುವ ಬಿಸಿನೀರು, ನಮ್ಮಲ್ಲಿ ಎಸಿಯ ತಣ್ಣೀರು. ಪಂಪಿನ ಪಕ್ಕದ ಕೋಣೆಗೆ ಬೇಕಾದ್ದಕ್ಕಿಂತ ಜಾಸ್ತಿ, ತುದಿಯ ಕೋಣೆಗೆ ಕಮ್ಮಿ.

ಮೊದಮೊದಲು ಪಂಪೇ ಇರಲಿಲ್ಲ. ಯುರೋಪಿನ ಹಳೆ ಮನೆಗಳಲ್ಲಿ ಬಾಯ್ಲರ್ ನೆಲಮಾಳಿಗೆಯಲ್ಲಿತ್ತು. ಕಾದ ನೀರು ಹಗುರ, ತಾನೇ ಮೇಲೇರುತ್ತದೆ. ತಣಿದ ನೀರು ಭಾರ, ಕೆಳಗಿಳಿಯುತ್ತದೆ. ಅಷ್ಟು ಸಣ್ಣ ಬಲಕ್ಕೆ ನೀರು ಹರಿಯಬೇಕೆಂದರೆ ಪೈಪು ದಪ್ಪ ಇರಲೇಬೇಕು. ಜರ್ಮನಿಯ ವಿಲ್ಹೆಲ್ಮ್ ಓಪ್ಲೆಂಡರ್ ಪೈಪಿನ ಎಲ್ಬೋ ಒಳಗೆ ಪುಟ್ಟ ಚಕ್ರ ಕೂರಿಸಿ, ಅದನ್ನು ಮೋಟರಿನಿಂದ ತಿರುಗಿಸಿದರು. 1929ರಲ್ಲಿ ಪೇಟೆಂಟೂ ಸಿಕ್ಕಿತು. ಇವತ್ತಿನ ವಿಲೋ ಕಂಪನಿ ಅವರ ಮನೆತನ ಕಟ್ಟಿದ್ದೇ.

ಪಂಪು ಬಂತು, ಪೈಪು ಸಣ್ಣಗಾಯಿತು. ಜೊತೆಗೆ ಒಂದು ಕೆಟ್ಟ ಅಭ್ಯಾಸವೂ ಬಂತು. ಎಲ್ಲಕ್ಕಿಂತ ದೂರದ ಕೋಣೆಗೆ ಎಷ್ಟು ಒತ್ತಡ ಬೇಕೋ ಅಷ್ಟನ್ನು ಎಲ್ಲರಿಗೂ ಕೊಡುವುದು, ಹತ್ತಿರದವರ ವಾಲ್ವ್ ಅರ್ಧ ಮುಚ್ಚುವುದು. ತೋಟದಲ್ಲಿ ಮೋಟರ್ ಪೂರ್ತಿ ಓಡಿಸಿ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದ ಹಾಗೆ.

ಲೆಕ್ಕ ಹಾಕಿ ನೋಡಿ. ಒಂದೇ ಸಾಲಿನಲ್ಲಿ ಮೂರು ಕಟ್ಟಡಗಳಿವೆ, ಮೂರಕ್ಕೂ ಒಂದೇ ಪ್ರಮಾಣದ ನೀರು ಬೇಕು. ಪಂಪು ಕೊಡುವ ಒತ್ತಡವನ್ನು ಮೀಟರಿನಲ್ಲಿ ಅಳೆದರೆ ಅದು ಹೆಡ್; ನೀರಿನ ಪ್ರಮಾಣ ಒಂದೇ ಆದ್ದರಿಂದ ಹೆಡ್ ಕೂಡಿದರೆ ಶಕ್ತಿಯ ಲೆಕ್ಕ ಸಿಗುತ್ತದೆ. ಮೊದಲನೆಯದಕ್ಕೆ 10 ಮೀಟರ್ ಹೆಡ್ ಸಾಕು, ಎರಡನೆಯದಕ್ಕೆ 20, ಮೂರನೆಯದಕ್ಕೆ 30. ಒಂದೇ ಪಂಪಾದರೆ ಮೂರಕ್ಕೂ 30 ಕೊಡಬೇಕು, ಒಟ್ಟು 90. ಒಂದೊಂದಕ್ಕೂ ಅದರದೇ ಪಂಪು ಇಟ್ಟರೆ ಒಟ್ಟು 60. ಉಳಿದ 30 ಇಷ್ಟು ದಿನ ವಾಲ್ವ್‌ನಲ್ಲಿ ಸುಮ್ನೆ ಸವೆದುಹೋಗುತ್ತಿತ್ತು. ಕಾಗದದ ಮೇಲೆ ಮೂರನೇ ಒಂದು ಪಾಲು ಉಳಿತಾಯ!

ಇದು ಗೊತ್ತಿದ್ದರೂ ಮಾಡಲು ಆಗುತ್ತಿರಲಿಲ್ಲ. ಮೋಟರಿಗೆ ಇದ್ದದ್ದು ಒಂದೇ ವೇಗ, ಒಂದಿಷ್ಟು ಹೆಚ್ಚುಕಮ್ಮಿಯಾದರೆ ಮತ್ತೆ ವಾಲ್ವೇ ಗತಿ. 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಮೋಟರಿನ ವೇಗ ಬದಲಿಸುವ ಡ್ರೈವ್‌ಗಳನ್ನು ರಾಶಿಗಟ್ಟಲೆ ತಯಾರಿಸಲು ಶುರುಮಾಡಿತು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ಚುಟುಕಾಗಿ ವಿಎಫ್‌ಡಿ. ಮೋಟರಿನ ವೇಗ ಅದಕ್ಕೆ ಸಿಗುವ ಕರೆಂಟಿನ ಹರ್ಟ್ಸ್ ಮೇಲೆ ನಿಂತಿದೆ. ಅದನ್ನು 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದರೆ ಪಂಪಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, 25ಕ್ಕೆ ಇಳಿಸಿದರೆ ಎಂಟನೇ ಒಂದು ಪಾಲಿಗೆ. ಬೋರ್‌ವೆಲ್‌ಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ನೀರನ್ನು ಮೇಲೆತ್ತಲೇಬೇಕು. ಕಟ್ಟಡದ ಪೈಪು ಸುತ್ತಿ ಬಂದು ಸೇರುವ ಬಳೆ ಇದ್ದ ಹಾಗೆ. ಇಳಿಯುವ ನೀರಿನ ಭಾರ ಏರುವ ನೀರಿನ ಭಾರವನ್ನು ಸರಿದೂಗಿಸುತ್ತದೆ.

ಈ ಉಪಾಯ ದೊಡ್ಡದಾಗಿ ನಡೆದದ್ದು ಚೀನಾದಲ್ಲಿ. ಹುವಾಯ್ ನದಿಯ ಉತ್ತರಕ್ಕೆ ನಗರಗಳ ದೊಡ್ಡ ದೊಡ್ಡ ಭಾಗಗಳೇ ಒಂದೊಂದು ಜಾಲದಿಂದ ಬೆಚ್ಚಗಾಗುತ್ತವೆ, ಪೈಪು ಎಷ್ಟೋ ಕಿಲೋಮೀಟರ್ ಉದ್ದ. ಇಂಥ ಕೆಲವು ಜಾಲಗಳಲ್ಲಿ ಮುಖ್ಯ ಪಂಪಿನ ಕೆಲಸವನ್ನು ಬಾಯ್ಲರ್ ಸುತ್ತಲಿಗೆ ಸೀಮಿತ ಮಾಡಿ, ಬಡಾವಣೆಗೊಂದು ಉಪಕೇಂದ್ರದಲ್ಲಿ ವೇಗ ಬದಲಿಸುವ ಪಂಪು ಇಟ್ಟರು. ದೂಡುವ ಬದಲು ಎಳೆಯುವುದು. ವಿಲೋ 2009ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಣೆ ಬೆಚ್ಚಗಿಡುವ ಒಂದೊಂದು ರೇಡಿಯೇಟರಿಗೂ ಅಂಗೈಯಲ್ಲಿ ಹಿಡಿಯುವಷ್ಟು ಪಂಪು ಕೂರಿಸುವ ಜೀನಿಯಾಕ್ಸ್ ತಂದಿತು. ಜಾಣತನದ ಕೆಲಸವೇ. ಆದರೆ ಪಂಪಿಗೊಂದು ವೈರ್ ಎಳೆಯಬೇಕು, ವಾಲ್ವ್‌ಗೆ ಅದು ಬೇಡ. ವಾಲ್ವ್‌ನ ಜಾಗವನ್ನು ಅದು ಕಿತ್ತುಕೊಳ್ಳಲಿಲ್ಲ.

ತೊಂದರೆ ಇಲ್ಲದೆ ಇಲ್ಲ. ಸಣ್ಣ ಪಂಪುಗಳ ದಕ್ಷತೆ ದೊಡ್ಡವಕ್ಕಿಂತ ಕಮ್ಮಿ, ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಜಾಲದ ಕೊನೆಯಲ್ಲಿ ನೀರು ತರುವ ಪೈಪಿಗಿಂತ ವಾಪಸ್ ಪೈಪಿನ ಒತ್ತಡವೇ ಜಾಸ್ತಿ ಇರುತ್ತದೆ. ಅಲ್ಲಿ ಒಂದು ಪಂಪು ಕೆಟ್ಟರೆ ನೀರು ಹಿಂದಕ್ಕೆ ಹರಿಯುತ್ತದೆ, ತಡೆಯಲು ನೀರನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಬೇಕು. ಒಬ್ಬ ಜೋರಾಗಿ ಎಳೆದರೆ ಪಕ್ಕದವನಿಗೆ ಕಮ್ಮಿಯಾಗಿ ಅವನೂ ಜೋರು ಮಾಡುತ್ತಾನೆ. ಕಾಲುವೆ ಜಗಳವೇ ಮತ್ತೆ, ಅಲ್ವಾ?

ನಮ್ಮಲ್ಲಿ 2007ರ ಇಂಧನ ಉಳಿತಾಯ ಕಟ್ಟಡ ಸಂಹಿತೆ ದೊಡ್ಡ ತಣ್ಣೀರು ಪಂಪುಗಳಿಗೆ ವೇಗ ಬದಲಿಸುವ ಡ್ರೈವ್ ಕೇಳಿತು. ಹಾಗಾಗಿ ಪೆಟ್ಟಿಗೆಯೇನೋ ಗೋಡೆಗೆ ಬಂದಿದೆ. ಬೆಂಗಳೂರಿನ ಒಂದು ಕಟ್ಟಡದ ಪ್ಲಾಂಟ್ ರೂಮಿನಲ್ಲಿ ನಾನು ಕಂಡಿದ್ದು ಇಷ್ಟು: ಡ್ರೈವ್‌ನ ಪರದೆಯಲ್ಲಿ 50 ಹರ್ಟ್ಸ್, ಮ್ಯಾನುಯಲ್‌ನಲ್ಲಿ. ಮುಂದಿನ ಬಟರ್‌ಫ್ಲೈ ವಾಲ್ವ್ ಅರ್ಧ ಮುಚ್ಚಿದೆ, ಹಿಡಿಗೆ ತಂತಿ ಸುತ್ತಿ ಬಿಗಿದಿದ್ದಾರೆ. ಯಾಕೆ ಅಂತ ಅಲ್ಲಿನವರನ್ನು ಕೇಳಿದರೆ, "ಆಟೋದಲ್ಲಿ ಬಿಟ್ರೆ ಮೇಲಿನ ಫ್ಲೋರಿನವರು ಸೆಕೆ ಅಂತ ಫೋನ್ ಮಾಡ್ತಾರೆ ಸಾರ್."